ಮಗಳ ಬಿ.ಎಸ್ಸಿ. ಮುಗಿಯಲು ಇನ್ನೊಂದೇ ವರ್ಷ: ಪಿಯುಸಿ ಓದಿದ ಅಪ್ಪ ಏನು ಮಾಡಬಹುದು?

ಪ್ರಶ್ನೆ: ತಿಪಟೂರಿನ ತಂದೆ

ಎಲ್ಲರಿಗೂ ನಮಸ್ಕಾರ. ತಿಪಟೂರಿನ ಎಪಿಎಂಸಿ ಆವರಣದ ಒಂದು ಕೊಬ್ಬರಿ ಮಂಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ಓದಿದ್ದು ಪಿಯುಸಿವರೆಗೆ. ಮಗಳು 2024ರಲ್ಲಿ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದಳು. ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ ಅವಳ ವಿಷಯಗಳು. ಈಗ ನಾಲ್ಕನೇ ಸೆಮಿಸ್ಟರ್. ಅವಳು ಸೇರಿದ ವರ್ಷವೇ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮತ್ತೆ ಮೂರು ವರ್ಷ ಮಾಡಿದರು. ಹಾಗಾಗಿ ಮುಂದಿನ ವರ್ಷ ಈ ಹೊತ್ತಿಗೆ ಓದು ಮುಗಿದಿರುತ್ತದೆ.

ಅವಳ ಸೋದರಮಾವ ಬಿ.ಇಡಿ. ಮಾಡಿಸಿ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಸಾಫ್ಟ್‌ವೇರ್ ಕಲಿಯಲಿ ಎನ್ನುತ್ತಾನೆ. ಅವನ ಮಾತು ಕೇಳಿ ಕಳೆದ ಬೇಸಿಗೆಯಲ್ಲಿ ಒಂದು ತರಬೇತಿ ಕೇಂದ್ರಕ್ಕೆ 18,000 ರೂಪಾಯಿ ಕಟ್ಟಿದೆ. ಕೆಲಸ ಕೊಡಿಸುತ್ತೇವೆ ಎಂದಿದ್ದರು. ಕೊನೆಗೆ ಕೈಗೆ ಬಂದದ್ದು ಒಂದು ಪ್ರಮಾಣಪತ್ರ, ಅಷ್ಟೇ. ಹಣ ಹೋದದ್ದಕ್ಕಿಂತ ಹೆಚ್ಚಾಗಿ, ಎರಡು ತಿಂಗಳು ಅವಳು ಮನಸ್ಸಿಲ್ಲದೆ ಬಸ್ಸಿನಲ್ಲಿ ಓಡಾಡಿದಳಲ್ಲ ಎಂಬ ನೋವು ನನ್ನಲ್ಲಿ ಇನ್ನೂ ಇದೆ. ನಾನು ಅವಳನ್ನು ಕೇಳಿಯೇ ಇರಲಿಲ್ಲ.

ಮೊನ್ನೆ ಕೇಳಿದೆ. "ಪ್ರಯೋಗಾಲಯದಲ್ಲಿ ಇರುವುದೆಂದರೆ ನನಗೆ ಇಷ್ಟ ಅಪ್ಪ, ಆದರೆ ಅದರಿಂದ ಏನು ಕೆಲಸ ಸಿಗುತ್ತದೋ ಗೊತ್ತಿಲ್ಲ" ಎಂದಳು. ನನಗೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಕೊಬ್ಬರಿಯ ಲೆಕ್ಕ. ಇಂಥ ತಂದೆ ಮಗಳಿಗೆ ಯಾವ ರೀತಿ ನೆರವಾಗಬಹುದು, ತಿಳಿದವರು ಹೇಳಿ.

ಉತ್ತರ 1: ನಿವೃತ್ತ ಉಪನ್ಯಾಸಕಿ, ರಸಾಯನಶಾಸ್ತ್ರ

ನಿಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಕೊಬ್ಬರಿಯ ಲೆಕ್ಕ ಮಾತ್ರ ಗೊತ್ತು ಎಂದಿದ್ದೀರಿ. ಒಂದು ಉಂಡೆ ಕೊಬ್ಬರಿಯನ್ನು ಕೈಗೆತ್ತಿಕೊಂಡರೆ ಅದು ಚೆನ್ನಾಗಿ ಒಣಗಿದೆಯೋ ಇಲ್ಲವೋ ನಿಮಗೆ ತಿಳಿಯುತ್ತದೆಯಲ್ಲವೇ? ಒಡೆದಾಗ ಕಮಟು ವಾಸನೆ ಬಂದರೆ ಯಾವ ಅಟ್ಟದಲ್ಲಿ ಗಾಳಿಯಾಡಿಲ್ಲ ಎಂದು ಊಹಿಸಬಲ್ಲಿರಿ. ಆ ಕಮಟು ವಾಸನೆ ನಿಮ್ಮ ಮಗಳ ಪಠ್ಯದ ಒಂದು ಪಾಠ. ಎಣ್ಣೆಯ ಅಂಶ ಒಡೆದು ಕೊಬ್ಬಿನ ಆಮ್ಲ ಬಿಡುಗಡೆಯಾಗಿರುತ್ತದೆ. ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ತಿರುಗುವ ಹನಿಯಲ್ಲಿ ನಿಲ್ಲಿಸಿ ಅದನ್ನು ಅಳೆಯುತ್ತಾರೆ. ಕೊಬ್ಬರಿಗೆ ಹಿಡಿಯುವ ಕೆಲವು ಬೂಸ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದನ್ನು ಪತ್ತೆ ಹಚ್ಚುವುದೇ ಎಷ್ಟೋ ಜನರ ದಿನನಿತ್ಯದ ಉದ್ಯೋಗ.

ನಿಮ್ಮ ಊರಿನಲ್ಲಿಯೇ ತೆಂಗಿನ ಪುಡಿ ತಯಾರಿಸುವ ಕಾರ್ಖಾನೆಗಳಿವೆ. ಆ ಪುಡಿ ಬಿಸ್ಕತ್ತಿಗೆ, ಸಿಹಿತಿಂಡಿಗೆ ಹೋಗುತ್ತದೆ. ತೇವಾಂಶ ಹೆಚ್ಚಿದ್ದರೆ, ಸಾಲ್ಮೊನೆಲ್ಲಾದಂಥ ಸೂಕ್ಷ್ಮಾಣು ಸಿಕ್ಕಿದರೆ ಸರಕು ವಾಪಸ್ಸು ಬರುತ್ತದೆ. ಅದಕ್ಕಾಗಿ ಪರೀಕ್ಷೆ ಮಾಡಿಸಲೇಬೇಕು. ಕೆಲವರು ತಮ್ಮಲ್ಲಿಯೇ ಮಾಡುತ್ತಾರೆ, ಕೆಲವರು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಇಪ್ಪತ್ತೆರಡು ವರ್ಷ ಮಂಡಿಯಲ್ಲಿದ್ದವರಿಗೆ ಅಂಥ ಒಂದು ಕಾರ್ಖಾನೆಯ ಒಬ್ಬರಾದರೂ ಪರಿಚಯ ಇದ್ದೇ ಇರುತ್ತಾರೆ. ರಜೆಯಲ್ಲಿ ಹತ್ತು ದಿನ ಮಗಳು ಅಲ್ಲಿ ನಿಂತು ನೋಡಲು ಅವಕಾಶ ಸಿಗುತ್ತದೆಯೇ ಎಂದು ವಿಚಾರಿಸಿ. ಸಂಬಳ ಬೇಡ, ನೋಡಿದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಾಲೇಜಿನಲ್ಲಿ ಆರು ವರ್ಷ ಉದ್ಯೋಗ ಮಾಹಿತಿ ಘಟಕ ನನ್ನ ಕೈಯಲ್ಲಿತ್ತು. ಒಬ್ಬ ವಿದ್ಯಾರ್ಥಿನಿಯ ತಂದೆ ತುಂಬ ಪ್ರೀತಿಯವರು. ಮಗಳನ್ನು ಕರೆದುಕೊಂಡು ಹೋಗಿ, ಮಾಲೀಕರ ಎದುರು ಅರ್ಧ ಗಂಟೆ ತಾವೇ ಮಾತನಾಡಿ ಬಂದರು. ಹುಡುಗಿಯ ಹೆಸರನ್ನೂ ಅವರೇ ಹೇಳಿದರು. ಕೆಲಸ ಬೇಕಾಗಿರುವುದು ಅಪ್ಪನಿಗೋ ಮಗಳಿಗೋ ಎಂದು ಮಾಲೀಕರು ನನಗೆ ಫೋನ್ ಮಾಡಿ ಕೇಳಿದರು. ಆದ್ದರಿಂದ ನೀವು ಪರಿಚಯದ ಒಂದು ಮಾತು ಹೇಳಿ ಹೊರಗೆ ಬನ್ನಿ. ಅರ್ಜಿಯನ್ನು ಅವಳೇ ಬರೆಯಲಿ, ಒಳಗೆ ಅವಳೇ ಮಾತನಾಡಲಿ. ತಡವರಿಸಿದರೆ ತಡವರಿಸಲಿ.

ಮುಂದಿನ ಓದಿನ ಬಗ್ಗೆ ಎರಡು ಮಾತು. ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಗೆ ಬರೀ ಬಿ.ಎಸ್ಸಿ. ರಸಾಯನಶಾಸ್ತ್ರ ಸಾಲದು, ಎಂ.ಎಸ್ಸಿ. ಬೇಕು; ಆಹಾರ ತಂತ್ರಜ್ಞಾನ, ಸೂಕ್ಷ್ಮಜೀವಶಾಸ್ತ್ರದಂಥ ವಿಷಯಗಳಲ್ಲಾದರೆ ಪದವಿಯೇ ಸಾಕು. ಇದು ತಿಳಿಯದೆ ಮೂರು ವರ್ಷ ಕಾದವರನ್ನು ನೋಡಿದ್ದೇನೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಯಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ಇದೆ. ಪಿಯುಸಿಯಲ್ಲಿ ಓದಿದ ವಿಷಯಗಳೂ ಸೇರಿದಂತೆ ಅರ್ಹತೆ ಏನೆಂದು ಅವರ ಪ್ರಕಟಣೆಯಲ್ಲಿ ಅವಳೇ ಓದಿ ನೋಡಲಿ. ಐಐಟಿಗಳ ಎಂ.ಎಸ್ಸಿ.ಗೆ 'ಜಾಮ್' ಎಂಬ ಪರೀಕ್ಷೆ ಫೆಬ್ರುವರಿಯಲ್ಲಿ ನಡೆಯುತ್ತದೆ, ಅರ್ಜಿ ಮಾತ್ರ ಹಿಂದಿನ ಸೆಪ್ಟೆಂಬರ್ ಹೊತ್ತಿಗೇ ಶುರುವಾಗುತ್ತದೆ. ಪದವಿ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡರೆ ಒಂದು ವರ್ಷ ಕೈತಪ್ಪುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ ತಿಂಗಳಿಗೆ ಈಗಲೇ ಒಂದು ಗುರುತು ಹಾಕಿ. ಈ ಒಂದು ಕೆಲಸ ನಿಮ್ಮದು.

ಉತ್ತರ 2: ಕಡೂರಿನವಳು, ಈಗ ಬೆಂಗಳೂರು

ಸರ್, ನೀವು ನನ್ನ ತಂದೆಯ ವಯಸ್ಸಿನವರು. ನಾನು ಮಸಾಲೆ ಪುಡಿ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ನಾಲ್ಕು ವರ್ಷಗಳಿಂದ ಇದ್ದೇನೆ. ನನ್ನದೂ ಬಿ.ಎಸ್ಸಿ. ಮೇಡಂ ಹೇಳಿದ್ದಕ್ಕೆ ಮನೆಯೊಳಗಿನ ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ಮೊದಲನೆಯದು ಸಮಯ. ಮಗಳು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾಳೆ, ಕಾಲೇಜಿಗೆ ಹೊರಡುವ ಮೊದಲು ಮನೆಯಲ್ಲಿ ಏನೇನು ಕೆಲಸ ಮಾಡುತ್ತಾಳೆ ಎಂದು ಒಂದು ವಾರ ಗಮನಿಸಿ. ಅಂತಿಮ ವರ್ಷದಲ್ಲಿ ನನ್ನ ಅಮ್ಮ ಹಾಲು ಕರೆಯುವ ಕೆಲಸವನ್ನು ನನ್ನ ತಮ್ಮನಿಗೆ ವಹಿಸಿದರು. ಅವನು ಗೊಣಗಿದ, ಆದರೂ ಕಲಿತ. ದಿನಕ್ಕೆ ಒಂದೂವರೆ ಗಂಟೆ ನನ್ನದಾಯಿತು.

ಎರಡನೆಯದು ಮದುವೆಯ ಮಾತು. ಮೂರನೇ ವರ್ಷಕ್ಕೆ ಕಾಲಿಟ್ಟ ಕೂಡಲೇ ನಮ್ಮ ಮನೆಗೆ ಜಾತಕಗಳು ಬರತೊಡಗಿದವು. ಅವು ಮೇಜಿನ ಮೇಲೆ ಇದ್ದಷ್ಟು ದಿನ ನಾನು ಒಂದು ಅರ್ಜಿಯನ್ನೂ ಮನಸ್ಸಿಟ್ಟು ತುಂಬಲಿಲ್ಲ. ಹೇಗೂ ಕಳುಹಿಸುವುದಿಲ್ಲವಲ್ಲ ಎನಿಸುತ್ತಿತ್ತು. ಇನ್ನೆಷ್ಟು ವರ್ಷ ಆ ಮಾತು ತೆಗೆಯುವುದಿಲ್ಲ ಎಂದು ನೀವೇ ಬಾಯಿಬಿಟ್ಟು ಅವಳಿಗೆ ಹೇಳಿಬಿಡಿ. ಅದನ್ನು ಕೇಳುವ ಧೈರ್ಯ ಹೆಣ್ಣುಮಕ್ಕಳಿಗೆ ಇರುವುದಿಲ್ಲ.

ಇನ್ನು, ಕಾರ್ಖಾನೆಯ ಪ್ರಯೋಗಾಲಯವೆಂದರೆ ಪಾಳಿ ಇರುತ್ತದೆ. ರಾತ್ರಿ ಪಾಳಿ, ಹಾಸ್ಟೆಲ್, ಊರಿಗೆ ಬರುವ ರೈಲು ಇವನ್ನೆಲ್ಲ ಕೆಲಸ ಸಿಕ್ಕ ದಿನ ಜಗಳವಾಡಿ ತೀರ್ಮಾನಿಸುವ ಬದಲು ಈಗಲೇ ಕುಳಿತು ಮಾತನಾಡಿ. ನನ್ನ ಅಪ್ಪ ಪೀಣ್ಯದ ನಾಲ್ಕು ವಸತಿಗೃಹಗಳನ್ನು ನನ್ನ ಜೊತೆ ನಡೆದು ನೋಡಿದರು. ಆಮೇಲೆ ಅವರಿಗೂ ನಿದ್ದೆ ಬಂತು, ನನಗೂ ಬಂತು.

ಉತ್ತರ 3: ಹಾಸನದ ಶಿಕ್ಷಕ

ಬಿ.ಇಡಿ. ಬಗ್ಗೆ ಯಾರೂ ಏನೂ ಹೇಳದ್ದರಿಂದ ಬರೆಯುತ್ತಿದ್ದೇನೆ. ನಾನು ವಿಜ್ಞಾನ ಶಿಕ್ಷಕ, ಈ ವೃತ್ತಿಯಲ್ಲಿ ಸಂತೋಷವಾಗಿದ್ದೇನೆ. ಸೋದರಮಾವ ಕೆಟ್ಟದ್ದನ್ನೇನೂ ಹೇಳಿಲ್ಲ. ಆದರೆ ಅದು ಎರಡು ವರ್ಷದ ಓದು. ಆಮೇಲೆ ಟಿಇಟಿ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆ, ನೇಮಕಾತಿ ಪರೀಕ್ಷೆ, ಅಧಿಸೂಚನೆಗಾಗಿ ಕಾಯುವುದು ಬೇರೆ. ಪಾಠ ಹೇಳುವ ಆಸೆ ಇರುವವರು ಆ ಕಾಯುವಿಕೆಯನ್ನು ತಾಳಿಕೊಳ್ಳುತ್ತಾರೆ. ಬೇರೆ ದಾರಿ ಕಾಣದೆ ಬಂದವರು ತಾಳಲಾರರು. ನೆರೆಮನೆಯ ಹತ್ತನೇ ತರಗತಿಯ ಮಕ್ಕಳಿಗೆ ಒಂದು ತಿಂಗಳು ಪಾಠ ಹೇಳಲಿ, ಅವಳಿಗೇ ಗೊತ್ತಾಗುತ್ತದೆ.

ಪದವಿ ಮುಗಿದು 180 ದಿನಗಳಾದರೂ ಕೆಲಸ ಸಿಗದಿದ್ದರೆ ರಾಜ್ಯದ ಯುವನಿಧಿ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಇದೆ, ಎರಡು ವರ್ಷದವರೆಗೆ. ಉನ್ನತ ಓದಿಗೆ ಸೇರಿದವರಿಗೆ ಅದು ಸಿಗುವುದಿಲ್ಲ. ಸಂದರ್ಶನಗಳ ಓಡಾಟದ ಖರ್ಚಿಗಾದರೂ ಆದೀತು ಎಂದು ಹೇಳಿದೆ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನಗಳ ನಂತರ

ಮೇಡಂ, ನಿಮ್ಮ ಉತ್ತರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಮಗಳನ್ನು ಮಂಡಿಗೆ ಕರೆದುಕೊಂಡು ಹೋದೆ. ಇಷ್ಟು ವರ್ಷದಲ್ಲಿ ಅವಳು ಅಲ್ಲಿಗೆ ಬಂದದ್ದು ಊಟದ ಡಬ್ಬಿ ಕೊಡಲು ಮಾತ್ರ. ಕಾಯಿಯನ್ನು ಅಲ್ಲಾಡಿಸಿದಾಗ ಬರುವ ಸದ್ದಿನಿಂದ ಒಣಗಿದ್ದನ್ನು ಹೇಗೆ ಗುರುತಿಸುತ್ತೇವೆ ಎಂದು ತೋರಿಸಿದೆ. ತೆಂಗಿನಕಾಯಿ ಅಟ್ಟದಲ್ಲಿ ಎಷ್ಟು ತಿಂಗಳು ಇರುತ್ತದೆ, ಮಳೆಗಾಲದಲ್ಲಿ ಏನಾಗುತ್ತದೆ ಎಂದೆಲ್ಲ ಕೇಳಿ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ನಾನು ಹೇಳಿದ್ದನ್ನು ಅವಳು ಬರೆದುಕೊಂಡದ್ದು ಇದೇ ಮೊದಲು.

ಪುಡಿ ಕಾರ್ಖಾನೆಯ ವ್ಯವಸ್ಥಾಪಕರೊಬ್ಬರು ನಮ್ಮ ಮಂಡಿಗೆ ಬರುತ್ತಾರೆ. ಅವರಿಗೆ ಒಂದು ಮಾತು ಹೇಳಿದೆ. ಅರ್ಜಿಯನ್ನು ಅವಳೇ ಮೊದಲು ಕನ್ನಡದಲ್ಲಿ ಬರೆದು, ನಂತರ ಇಂಗ್ಲಿಷಿನಲ್ಲಿ ಬರೆದಳು. ಅವಳು ಒಳಗೆ ಹೋದಾಗ ನಾನು ಎದುರಿನ ಟೀ ಅಂಗಡಿಯಲ್ಲಿ ಕುಳಿತಿದ್ದೆ. ಇಪ್ಪತ್ತು ನಿಮಿಷ ಬಹಳ ಉದ್ದವಾಗಿತ್ತು. ಪರೀಕ್ಷೆ ಮುಗಿದ ಮೇಲೆ ಎರಡು ವಾರ ಬರಲು ಹೇಳಿದ್ದಾರೆ. ಉಗುರು ಕತ್ತರಿಸಿರಬೇಕು, ಬಳೆ ಹಾಕಿಕೊಳ್ಳುವಂತಿಲ್ಲ ಎಂದರಂತೆ.

ಕಡೂರಿನ ತಾಯಿ, ನೀನು ಬರೆದದ್ದನ್ನು ಓದಿ ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಪದವಿಯ ನಂತರ ಮೂರು ವರ್ಷ ಆ ಮಾತು ಎತ್ತುವುದಿಲ್ಲ ಎಂದು ಇಬ್ಬರೂ ಸೇರಿ ಮಗಳಿಗೆ ಹೇಳಿದೆವು. ಅವಳು ತಲೆಯಾಡಿಸಿ ಒಳಗೆ ಹೋದಳು. ಆ ರಾತ್ರಿ ಸಿಎಫ್‌ಟಿಆರ್‌ಐ ಪ್ರಕಟಣೆಯನ್ನು ತಾನೇ ಹುಡುಕಿ ನನಗೆ ತೋರಿಸಿದಳು.

ನಾಳೆ ಮಂಡಿಯಿಂದ ಎರಡು ಕೊಬ್ಬರಿ ತರಲು ಹೇಳಿದ್ದಾಳೆ. ಒಂದು ಒಳ್ಳೆಯದು, ಒಂದು ಕಮಟಾದದ್ದು. ಕಾಲೇಜಿನ ಪ್ರಯೋಗಾಲಯದಲ್ಲಿ ಅಳೆದು ನೋಡಲು ಅವಳ ಉಪನ್ಯಾಸಕರು ಒಪ್ಪಿದ್ದಾರಂತೆ.