ಏಳು ವರ್ಷದ ಓದಿನ ಕೂಟ ನಿಲ್ಲುವ ಹಾಗಿದೆ, ಏನು ಮಾಡುವುದು?

ಬದಿಯಡ್ಕದವಳು

ನಾವು ಶಾಲೆಯಲ್ಲಿ ಒಟ್ಟಿಗೆ ಕಲಿತ ಎಂಟು ಜನ. 2018ರಲ್ಲಿ ಒಂದು ಓದಿನ ಕೂಟ ಶುರು ಮಾಡಿದೆವು. ತಿಂಗಳಿಗೆ ಒಂದು ಕನ್ನಡ ಪುಸ್ತಕ, ಎರಡನೇ ಭಾನುವಾರ ಮಧ್ಯಾಹ್ನ ಮೂರಕ್ಕೆ ಯಾರದಾದರೂ ಮನೆ ಜಗಲಿಯಲ್ಲಿ ಸೇರುವುದು. ಮೊದಲು ಓದಿದ್ದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಕಾಸರಗೋಡಿನವರೇ ಬರೆದದ್ದು, ನಾವು ಬಸ್ಸಿನಲ್ಲಿ ದಾಟುವ ಹೊಳೆಯೇ ಅದರಲ್ಲಿ ಉಂಟು. ಅವತ್ತು ದೀಪ ಹಚ್ಚುವ ಹೊತ್ತಾದರೂ ಒಬ್ಬರೂ ಏಳಲಿಲ್ಲ.

ಈಗ ನಾಲ್ಕು ಜನ ಬಂದರೆ ಜಾಸ್ತಿ. ಒಬ್ಬಳು ಬೆಂಗಳೂರಿಗೆ ಹೋದಳು, ಒಬ್ಬ ಶಾರ್ಜಾದಲ್ಲಿದ್ದಾನೆ. ಆದರೆ ಊರಲ್ಲೇ ಇರುವವರೂ ಬರುವುದಿಲ್ಲ. ನನಗೆ ಅನಿಸುವುದು, ಕಳೆದ ವರ್ಷ ನಾನೇ ಹಠ ಮಾಡಿ ‘ಮಲೆಗಳಲ್ಲಿ ಮದುಮಗಳು’ ಒಂದೇ ತಿಂಗಳಿಗೆ ಅಂತ ಇಟ್ಟದ್ದು ತಪ್ಪಾಯಿತು. 700 ಪುಟಕ್ಕೂ ಮೇಲೆ. ಯಾರಿಗೂ ಮುಗಿಯಲಿಲ್ಲ, ಮುಗಿಯಲಿಲ್ಲ ಅಂತ ಹೇಳಲು ನಾಚಿಕೆಯಾಗಿ ಬರುವುದನ್ನೇ ಬಿಟ್ಟರು. ಇನ್ನೊಂದು ತಿಂಡಿಯದ್ದು. ಮೊದಲು ಚಹಾ, ಒಗ್ಗರಣೆ ಅವಲಕ್ಕಿ, ಅಷ್ಟೇ. ಆಮೇಲೆ ಒಬ್ಬರ ಮನೆಯಲ್ಲಿ ಹೋಳಿಗೆ, ಮುಂದಿನವರ ಮನೆಯಲ್ಲಿ ಅದಕ್ಕಿಂತ ಜೋರು. ಈಗ ‘ನಮ್ಮ ಮನೆಯಲ್ಲಿ ಈ ಸಲ ಬೇಡ’ ಅಂತ ಎಲ್ಲರೂ ಹೇಳುತ್ತಾರೆ. ಹೋದ ತಿಂಗಳು ಮೂರೇ ಜನ ಕೂತು ಅಡಿಕೆಯ ರೇಟು ಮಾತಾಡಿ ಎದ್ದೆವು. ಪುಸ್ತಕ ನನ್ನ ಮಡಿಲಲ್ಲೇ ಇತ್ತು, ತೆರೆಯಲೇ ಇಲ್ಲ. ಮನೆಗೆ ಬಂದು ಅಳು ಬಂತು. ಸುಮಾರು ವರ್ಷ ನಡೆಸಿದವರು ಯಾರಾದರೂ ಇದ್ದರೆ ಹೇಳಿ.

ನೀರ್ಚಾಲಿನ ಮಾಷ್ಟ್ರು

ತಂಗೀ, ನಮ್ಮದು ನಿವೃತ್ತರು, ಕೃಷಿಕರು ಸೇರಿದ ಕೂಟ, 19 ವರ್ಷ ಆಯಿತು. ನಡುವೆ ಎರಡು ಸಲ ನಿಂತಿತ್ತು. ಎರಡು ಸಲವೂ ಕಾರಣ ಒಂದೇ, ಓದದವರು ಬರಬಾರದು ಅನ್ನುವ ಹಾಗೆ ನಾವು ನಡೆದುಕೊಂಡದ್ದು. ಈಗ ಕೂತ ಕೂಡಲೇ ಮೊದಲ ಅರ್ಧ ಗಂಟೆ ಒಬ್ಬರು ಪುಸ್ತಕದ ಒಂದು ಭಾಗ ಗಟ್ಟಿಯಾಗಿ ಓದುತ್ತಾರೆ. ಹಿಂದೆ ಮನೆಗಳಲ್ಲಿ ಭಾರತ ಓದುತ್ತಿದ್ದರಲ್ಲ, ಒಬ್ಬರು ಓದುವುದು, ಒಬ್ಬರು ಅರ್ಥ ಹೇಳುವುದು, ಅದೇ ಕ್ರಮ. ಪುಸ್ತಕ ಮುಟ್ಟದೆ ಬಂದವನಿಗೂ ಆ 15 ಪುಟದ ಬಗ್ಗೆ ಹೇಳಲು ಏನಾದರೂ ಇರುತ್ತದೆ. ಮುಂದಿನ ಸಲ ಅವನೇ ಪೂರ್ತಿ ಓದಿಕೊಂಡು ಬರುತ್ತಾನೆ, ಇದು ನಾನು ಕಣ್ಣಾರೆ ಕಂಡದ್ದು.

ಮತ್ತೆ, ತಿಂಗಳಿಗೊಂದು ಅನ್ನುವ ಲೆಕ್ಕ ನಮ್ಮ ಕಡೆಗೆ ಹೊಂದುವುದಿಲ್ಲ. ನವೆಂಬರಿನಿಂದ ಅಡಿಕೆ ಕೊಯ್ಲು, ಆಮೇಲೆ ಭೂತದ ನೇಮ, ಜಾತ್ರೆ, ಬ್ರಹ್ಮಕಲಶ, ಮದುವೆ, ರಾತ್ರಿ ಯಕ್ಷಗಾನದ ಆಟ. ಆ ದಿನಗಳಲ್ಲಿ ಭಾನುವಾರ ಯಾರ ಕೈಯಲ್ಲೂ ಇರುವುದಿಲ್ಲ. ಮೇ 24-25ರ ಹೊತ್ತಿಗೆ ಪತ್ತನಾಜೆ, ಅಂದರೆ ನೇಮ, ಆಟ ಎಲ್ಲ ನಿಲ್ಲುವ ದಿನ, ಕಳೆಯಿತು ಅಂದರೆ ನಮಗೆ ಓದಿನ ಕಾಲ. ಮಳೆ ಬಿಟ್ಟ ದಿನ ಅಡಿಕೆಗೆ ಮದ್ದು ಬಿಡುವ ಕೆಲಸ ಉಂಟು, ಅದಕ್ಕೆ ಒಂದು ವಾರ ಹಿಂದೆ ಮುಂದೆ ಮಾಡಿಕೊಳ್ಳುತ್ತೇವೆ. ಬೇಸಿಗೆಯಲ್ಲಿ ಎರಡೇ ಸಲ ಸೇರುವುದು, ಸಣ್ಣ ಕತೆ ಮಾತ್ರ. ದಪ್ಪ ಪುಸ್ತಕವೆಲ್ಲ ಮಳೆಗಾಲಕ್ಕೆ. ಮದುಮಗಳನ್ನು ನಾವೂ ಓದಿದ್ದೇವೆ, ಜೂನಿನಿಂದ ಸೆಪ್ಟೆಂಬರಿನವರೆಗೆ ನಾಲ್ಕು ಸಲ ಕೂತು. ಗುತ್ತಿ, ಹುಲಿಯ ಅಂತ ಅವನ ನಾಯಿ, ಕತ್ತಲೆ ಕಾಡು, ಹೊರಗೆ ಧೋ ಅಂತ ಮಳೆ. ಆ ಪುಸ್ತಕಕ್ಕೆ ಅವಸರ ಆಗುವುದಿಲ್ಲ. 1967ರಲ್ಲಿ ಬಂದಾಗ ಮೊದಲ ಪುಟದಲ್ಲೇ ಕುವೆಂಪು ಹೇಳಿಬಿಟ್ಟಿದ್ದಾರೆ, ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ ಅಂತ.

ತಿಂಡಿಗೆ ಒಂದೇ ಮಾತು: ಚಹಾ, ಒಂದು ಬಿಸ್ಕೀಟು. ಜಾಸ್ತಿ ಮಾಡಿದರೆ ನಾವು ಮುಟ್ಟುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಇದು ಗಂಡಸರು ಹೇಳಬೇಕಾದ ಮಾತು, ಒಲೆ ಎದುರು ನಿಲ್ಲುವವರು ಅವರಲ್ಲವಲ್ಲ.

ಕುಂಬಳೆ ಹುಡುಗ

ಅಕ್ಕಾ, ನಮ್ಮಲ್ಲಿ ಪುಸ್ತಕ ಓದಿಯೂ ಮಾತು ಬೀಳುತ್ತಿರಲಿಲ್ಲ. ‘ಚೆನ್ನಾಗಿದೆ’, ‘ಪರವಾಗಿಲ್ಲ’, ಮುಗಿಯಿತು. ಆಮೇಲೆ ತಾಳಮದ್ದಳೆ ಕ್ರಮ ಹಿಡಿದೆವು, ವೇಷ ಕಟ್ಟದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು, ಇಷ್ಟು ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಒಬ್ಬೊಬ್ಬರು ಒಂದೊಂದು ಪಾತ್ರದ ಅರ್ಥ ಹೇಳಬೇಕು, ‘ನಾನು’ ಅಂತಲೇ ಮಾತಾಡಬೇಕು. ನೀವು ಮೊದಲು ಓದಿದ ‘ಚಂದ್ರಗಿರಿಯ ತೀರದಲ್ಲಿ’ ಪುಸ್ತಕದಲ್ಲಿ ನಾದಿರಾಳ ಅಪ್ಪನನ್ನು ನನಗೆ ಕೊಟ್ಟರು. ಮಗಳ ಸಂಸಾರ ಒಡೆದ ಮನುಷ್ಯ, ಅವನ ಪರವಾಗಿ ಏನು ಹೇಳುವುದು? ಎರಡು ಸಲ ಓದಿದೆ. ಮಾತಾಡುತ್ತಾ ಮಾತಾಡುತ್ತಾ ನನ್ನ ಅಜ್ಜನ ಸಿಟ್ಟೇ ನನ್ನ ಬಾಯಿಂದ ಬಂದ ಹಾಗಾಯಿತು, ಎದುರು ನಾದಿರಾಳ ಪರ ಕೂತಿದ್ದ ಅತ್ತಿಗೆ ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವೇ ಇರಲಿಲ್ಲ. ಒಮ್ಮೆ ಮಾಡಿ ನೋಡಿ.

ಪೆರ್ಲದಿಂದ ದುಬಾಯಿಗೆ

ದೂರ ಹೋದವರ ಕಡೆಯಿಂದ ಒಂದು ಮಾತು. ಅವರನ್ನು ಬಿಡಬೇಡಿ. ವೀಡಿಯೊ ಕಾಲ್ ಮಾಡಿ ಫೋನನ್ನು ಜಗಲಿಯಲ್ಲಿ ಇಟ್ಟರೆ ನಮಗೆ ಶೀಟಿನ ಮೇಲೆ ಬೀಳುವ ಮಳೆ ಬಿಟ್ಟು ಬೇರೇನೂ ಕೇಳುವುದಿಲ್ಲ. ಅದರ ಬದಲು ನಾನು ಐದು ನಿಮಿಷದ ವಾಯ್ಸ್ ಮೆಸೇಜ್ ಮೊದಲೇ ಕಳಿಸುತ್ತೇನೆ, ಕೂತ ಮೇಲೆ ಅದನ್ನು ಹಾಕುತ್ತಾರೆ. ಅವರು ಅದಕ್ಕೆ ಕೊಟ್ಟ ಉತ್ತರವನ್ನೂ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಇನ್ನೊಂದು, 2022ರಿಂದ ಇಲ್ಲಿ ಶನಿವಾರ, ಭಾನುವಾರ ರಜೆ. ಮೊದಲು ಶುಕ್ರವಾರ, ಶನಿವಾರ ಇತ್ತು. ನಿಮ್ಮ ಮೂರು ಗಂಟೆ ಅಂದರೆ ಶಾರ್ಜಾದಲ್ಲಿ ಒಂದೂವರೆ. ನಿಮ್ಮ ಗೆಳೆಯನಿಗೆ ಭಾನುವಾರ ರಜೆ ಉಂಟಾ ಅಂತ ಮತ್ತೊಮ್ಮೆ ಕೇಳಿ.

ಮುಳ್ಳೇರಿಯ ಅಮ್ಮ

ನಿಮ್ಮ ಮಕ್ಕಳನ್ನೂ ಕೂರಿಸಿಕೊಳ್ಳಿ. 1956ರ ನವೆಂಬರ್ 1ರಿಂದ ನಮ್ಮ ಕಾಸರಗೋಡು ಕೇರಳದಲ್ಲಿದೆ, ಮನೆಮಾತು ಉಳಿದರೂ ಅಕ್ಷರ ಜಾರುತ್ತಿದೆ. ನನ್ನ ಮಗಳು ಮಲಯಾಳ ಪುಸ್ತಕ ಸರಸರ ಓದುತ್ತಾಳೆ, ಕನ್ನಡದಲ್ಲಿ ಒತ್ತಕ್ಷರ ಬಂದರೆ ನಿಲ್ಲುತ್ತಾಳೆ. ಮಾಷ್ಟ್ರು ಹೇಳಿದ ಹಾಗೆ ಗಟ್ಟಿಯಾಗಿ ಓದುವ ಕೂಟದಲ್ಲಿ ಅವಳು ಸುಮ್ನೆ ಕೇಳುತ್ತಾ ಕೂರುತ್ತಿದ್ದಳು. ಒಮ್ಮೆ ನಮ್ಮ ಕಾರಡ್ಕದಲ್ಲೇ ಹುಟ್ಟಿದ ಕವಿ ಕೆ.ವಿ. ತಿರುಮಲೇಶರ ಪದ್ಯ ಇಟ್ಟಿದ್ದೆವು. ಪದ್ಯಕ್ಕೆ ಮೊದಲೇ ಓದಿಕೊಂಡು ಬರುವ ಕಷ್ಟ ಇಲ್ಲ, ಅಲ್ವಾ? ಅವಳು ಪುಸ್ತಕ ಕೇಳಿ ತೆಗೆದುಕೊಂಡಳು. ಸಾಲಿನ ಕೆಳಗೆ ಬೆರಳು ಇಟ್ಟು, ತಡೆದು ತಡೆದು ಒಂದು ಪುಟ ಓದಿದಳು. ಯಾರೂ ತಿದ್ದಲಿಲ್ಲ.

ಪ್ರತಿಗಳ ಲೆಕ್ಕವನ್ನೂ ಹೇಳುತ್ತೇನೆ. ಎಂಟು ಜನಕ್ಕೆ ಮೂರು ಪ್ರತಿ ಸಾಕು, ಒಬ್ಬರಿಗೆ 10 ದಿನ. ಪುತ್ತೂರಿಗೋ ಮಂಗಳೂರಿಗೋ ಹೋದವರು ತರುವುದು, ದುಡ್ಡು ಹಂಚಿಕೊಳ್ಳುವುದು.

ಬದಿಯಡ್ಕದವಳು

ಎಲ್ಲರ ಮಾತನ್ನೂ ಗುಂಪಿಗೆ ಕಳಿಸಿದೆ. ಬಾರದೆ ನಿಂತಿದ್ದ ಇಬ್ಬರು ಆಗಲೇ ಉತ್ತರ ಹಾಕಿದ್ದಾರೆ. ಈ ಸಲ ನಮ್ಮ ಮನೆಯಲ್ಲಿ, ಚಹಾ ಮಾತ್ರ. ಮದುಮಗಳನ್ನೇ ಮೊದಲಿನಿಂದ ತೆಗೆದುಕೊಳ್ಳುತ್ತೇವೆ. ಮಾಷ್ಟ್ರೇ, ಮೊದಲ ದಿನ ಎಲ್ಲಿಯವರೆಗೆ ಓದಿದಿರಿ?

ನೀರ್ಚಾಲಿನ ಮಾಷ್ಟ್ರು

ಲೆಕ್ಕ ಹಾಕಿದ್ದು 180 ಪುಟಕ್ಕೆ, ಆದದ್ದು 90. ಅಷ್ಟರಲ್ಲೇ ಕರೆಂಟು ಹೋಯಿತು, ಉಳಿದ ಹೊತ್ತು ಗುತ್ತಿಯ ಬಗ್ಗೆಯೇ ಮಾತು.