ಹಾಲೋ ಬಾಡಿ ಗಿಟಾರ್‌ಗೆ ಬೇರೆ ಪಿಕಪ್: ಹಾಕಿ ನೋಡಿದವರು ಹೇಳಿ

ನನ್ನದು ಎರಡು ಹಂಬಕರ್ (ಎರಡು ಕಾಯಿಲ್‌ನ ಪಿಕಪ್, ಅಂದರೆ ಸ್ಟ್ರಿಂಗ್ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಇರುವ ಪೂರ್ತಿ ಟೊಳ್ಳು ಗಿಟಾರ್, ಸ್ಟ್ರಿಂಗ್ ಹೊರುವ ಬ್ರಿಡ್ಜ್ ಅಂಟಿಸಿಲ್ಲ. ಕುತ್ತಿಗೆ ಕಡೆಯ ನೆಕ್ ಪಿಕಪ್‌ನಲ್ಲಿ ದಪ್ಪ ಸ್ಟ್ರಿಂಗ್‌ಗಳ ಸ್ವರ ಕಲಸಿಹೋಗುತ್ತೆ. ಹಂಬಕರ್ ಅಳತೆಯದೇ ಪಿ-90 (ಒಂದೇ ಕಾಯಿಲ್‌ನ ಪಿಕಪ್) ತಂದಿಟ್ಟುಕೊಂಡಿದ್ದೇನೆ. ಹಿಂದೆ ಮುಚ್ಚಳ ಇಲ್ಲ, ಎಲ್ಲಾ ಮುಂದಿನ ಎಫ್ ಆಕಾರದ ತೂತಿನಿಂದಲೇ ಆಗಬೇಕು. ಹಾಕಿ ನೋಡಿ ಹಿಡಿಸದಿದ್ದರೆ ಮತ್ತೆ ತೆಗೆಯೋ ಗೋಳು ಎಷ್ಟು?

— ತಂದಾಯ್ತಲ್ಲ, ಇರಲಿ. ಮೊದಲು ಈಗಿರೋದನ್ನೇ ದಪ್ಪ ಸ್ಟ್ರಿಂಗ್‌ಗಳ ಕಡೆ ಸ್ಕ್ರೂ ಎರಡು ಸುತ್ತು ತಿರುಗಿಸಿ ಇಳಿಸಿ ಕೇಳಿ. ನಾನು ಹೊಸದು ಕೊಂಡು, ಹಾಕಿ, ಆಮೇಲೆ ಹಳೇದನ್ನೇ ತಗ್ಗಿಸಿ ವಾಪಸ್ ಕೂರಿಸಿದವನು.

— ಪಾಟ್‌ಗಳನ್ನು (ವಾಲ್ಯೂಮ್, ಟೋನ್ ತಿರುಗಿಸುವ ಗುಂಡಿಗಳ ಕೆಳಗಿನ ಭಾಗ) ಹೊರಗೆ ಎಳೆಯೋಕೆ ಈಗಲೇ ಹೋಗಬೇಡಿ. ನಾನು ಮಾಡಿದ್ದು ಹೀಗೆ. ಸ್ಟ್ರಿಂಗ್ ಸಡಿಲಿಸುವ ಮೊದಲು ಬ್ರಿಡ್ಜ್ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ ಜಾಗ ಗುರುತು ಮಾಡಿದೆ (ಮೊದಲ ಸಲ ಮರೆತು, ಕುತ್ತಿಗೆಯುದ್ದಕ್ಕೂ ಸ್ವರ ಸರಿಯಾಗಿ ಬರೋ ಹಾಗೆ ಇಂಟೊನೇಶನ್ ಸರಿಮಾಡೋದರಲ್ಲೇ ಸಂಜೆ ಕಳೆಯಿತು). ಹಳೇ ಪಿಕಪ್ ಬಿಚ್ಚಿ, ವಯರ್ ಕತ್ತರಿಸದೆ, ಬಟ್ಟೆ ಸುತ್ತಿ ಒಳಗೇ ಬಿಟ್ಟೆ. ಹೊಸದನ್ನು ಅದರ ಜಾಗದಲ್ಲಿ ಕೂರಿಸಿ, ವಯರನ್ನು ಎಫ್ ತೂತಿನಿಂದ ಹೊರಗೆ ತಂದು ಬಿಡಿ ಜ್ಯಾಕ್‌ಗೆ (ಆಂಪ್ ಕೇಬಲ್ ಚುಚ್ಚುವ ಸಾಕೆಟ್) ಕಟ್ಟಿದೆ.

ಇಲ್ಲಿ ಎರಡು ಸಲ ಮೋಸಹೋದೆ. ನೇರ ಜ್ಯಾಕ್‌ಗೆ ಕೊಟ್ಟಾಗ ಕಿವಿ ಚುಚ್ಚುವಷ್ಟು ತೀಕ್ಷ್ಣ ಅನ್ನಿಸಿತು. ಪಾಟ್‌ಗಳ ಲೋಡ್ ಇಲ್ಲದಿದ್ದರೆ ಹಾಗೇ. ಗಿಟಾರ್‌ನಲ್ಲಿರುವಂತೆಯೇ ವಾಲ್ಯೂಮ್‌ಗೊಂದು, ಟೋನ್‌ಗೊಂದು 500 ಕಿಲೋಓಮ್ ಪಾಟ್ ಹೊರಗೇ ಸೇರಿಸಿದ ಮೇಲೆ ನಿಜವಾದ ದನಿ ಬಂತು. ಇನ್ನೊಂದು, ಹಮ್. ಪಿ-90 ಸಿಂಗಲ್ ಕಾಯಿಲ್, ಸ್ವಲ್ಪ ಗುಂಯ್ ಅಂದೇ ಅನ್ನುತ್ತೆ. ಆದರೆ ಇದು ಸ್ಟ್ರಿಂಗ್ ಮುಟ್ಟಿದರೂ ಕಡಿಮೆಯಾಗಲಿಲ್ಲ. ಸ್ಟ್ರಿಂಗ್ ತುದಿ ಸಿಕ್ಕಿಸುವ ಟೇಲ್‌ಪೀಸ್‌ನ ಗ್ರೌಂಡ್ ಹಳೇ ವೈರಿಂಗ್‌ಗೆ ಹೋಗಿತ್ತು, ನನ್ನ ಬಿಡಿ ಜ್ಯಾಕ್‌ಗೆ ಬಂದಿರಲಿಲ್ಲ. ಒಂದು ಕ್ಲಿಪ್ ವಯರ್ ಟೇಲ್‌ಪೀಸ್‌ನಿಂದ ಜ್ಯಾಕ್‌ನ ಗ್ರೌಂಡ್‌ಗೆ ಹಾಕಿದೆ, ತಣ್ಣಗಾಯಿತು. ಎಷ್ಟೋ ಜನ ಈ ಹಮ್ ಕೇಳಿಯೇ ಒಳ್ಳೆ ಪಿಕಪ್ ವಾಪಸ್ ಕಳಿಸಿರಬೇಕು.

ಹಿಡಿಸಿದರೂ ಪಾಟ್ ತೆಗೆಯೋದು ಬೇಡ. ಹಳೇ ವಯರನ್ನು ಪಾಟ್ ಕಡೆಗೆ ಒಂದು ಗೇಣು ಬಿಟ್ಟು ಕತ್ತರಿಸಿ, ಪಿಕಪ್ ತೂತಿನ ಹೊರಗೇ ಹೊಸದರ ವಯರಿಗೆ ಬೆಸುಗೆ ಹಾಕಿ, ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯಾಗುವ ಕೊಳವೆ) ತೊಡಿಸಿ ಒಳಗೆ ತಳ್ಳಿ. ಹಳೇ ಪಿಕಪ್ ಬೆಲೆಬಾಳುವಂಥದ್ದಾದರೆ ಮಾತ್ರ ಕತ್ತರಿ ಹಾಕಬೇಡಿ.

— ಕತ್ತರಿಸುವ ಮುಂಚೆ ಫೇಸ್ (ಎರಡೂ ಪಿಕಪ್‌ಗಳ ಸಂಕೇತ ಒಂದೇ ದಿಕ್ಕಿಗಿದೆಯೋ ಅನ್ನೋದು) ನೋಡಿಕೊಳ್ಳಿ. ಎರಡೂ ಪಿಕಪ್ ಒಟ್ಟಿಗೆ ಇಟ್ಟಾಗ ದನಿ ಮೂಗಿನಿಂದ ಬಂದಂತೆ ತೆಳ್ಳಗಾದರೆ ಫೇಸ್ ತಿರುಗಿದೆ ಅಂತ. ಎರಡು ಒಳವಯರ್, ಶೀಲ್ಡ್ ಬೇರೆ ಇದ್ದರೆ ಅದಲುಬದಲು ಮಾಡಿದರಾಯಿತು. ಹೆಣೆದ ಶೀಲ್ಡ್‌ನೊಳಗೆ ಒಂದೇ ವಯರ್ ಇದ್ದರೆ ಅಷ್ಟು ಸುಲಭ ಇಲ್ಲ.

— ಹಾಲೋ ಬಾಡಿಗೆ ಪಿ-90 ಏನೂ ಹೊಸ ಸಾಹಸ ಅಲ್ಲ. 1949ರಲ್ಲಿ ಗಿಬ್ಸನ್ ಇಎಸ್-175 ಬಂದಾಗ ಅದರಲ್ಲಿದ್ದದ್ದೇ ಅದು. ಹಂಬಕರ್ ಹಾಕಿದ್ದು 1957ರಲ್ಲಿ. ಮೇಣ ತುಂಬಿದ ಪಿಕಪ್ ಹೌದೋ ಅಲ್ಲವೋ ಕೇಳಿ. ಮೇಣ ಇಲ್ಲದ್ದು ಜೋರು ಆಂಪ್ ಮುಂದೆ ಕಿರುಚುತ್ತೆ. ನಾನು ಎಫ್ ತೂತುಗಳಿಗೆ ಫೋಮ್ ತುರುಕಿ ಕಾರ್ಯಕ್ರಮ ಮುಗಿಸಿದ್ದೇನೆ.

— ಕೇಳಿದವನೇ ಮತ್ತೆ ಬಂದೆ. ಇಳಿಸಿ ನೋಡಿದೆ, ಅರ್ಧ ಸರಿಹೋಯಿತು. ಉಳಿದರ್ಧಕ್ಕೆ ಪಿ-90 ಈಗ ಬಿಡಿ ಜ್ಯಾಕ್‌ನಲ್ಲಿ ನೇತಾಡ್ತಿದೆ. ಕ್ಲಿಪ್ ವಯರ್ ಹಾಕಿದ ತಕ್ಷಣ ಹಮ್ ಇಳಿಯಿತು. ವಯರ್ ಮಾತ್ರ ಹೆಣೆದ ಶೀಲ್ಡಿನದೇ, ಫೇಸ್ ಇನ್ನೂ ನೋಡಿಲ್ಲ.