‘ನೆನಪು’ ಬಿಟ್ಟು ಬೇರೆ ಪದ ಇಲ್ಲವೇ? ಸ್ಮರಣ ಸಂಚಿಕೆಗೆ ಸಲಹೆ ಬೇಕು

ಅಕ್ಕೋರು, ಶಿರಸಿ:
ನಮ್ಮ ಶಾಲೆಗೆ 75 ವರ್ಷ, ಸ್ಮರಣ ಸಂಚಿಕೆ ತರುತ್ತಿದ್ದೇವೆ. ಹಳೆ ವಿದ್ಯಾರ್ಥಿಗಳ 22 ಲೇಖನ ಬಂದಿವೆ. ಎಲ್ಲದರಲ್ಲೂ ‘ಮಧುರ ನೆನಪು’, ‘ಮೆಲುಕು ಹಾಕಿದಾಗ’, ‘ಮನಸ್ಸು ಗದ್ಗದಿತವಾಯಿತು’. ಒಂದು ಪುಟದಲ್ಲಂತೂ ‘ನೆನಪು’ 11 ಸಲ ಇದೆ. ನಾಸ್ಟಾಲ್ಜಿಯಾಕ್ಕೆ, ಸೆಂಟಿಮೆಂಟಲ್ ಆಗುವುದಕ್ಕೆ ಕನ್ನಡದಲ್ಲಿ ಯಾವ ಪದ ಎಲ್ಲಿ ಕೂರುತ್ತದೆ? ಬರೆದು, ತಿದ್ದಿ ರೂಢಿ ಇದ್ದವರು ಹೇಳಿ.

ಪ್ರೂಫ್ ತಿದ್ದುವವರು, ಕುಮಟಾ:
ಅಕ್ಕೋರೇ, ಬೇರೆ ಪದ ಹುಡುಕುವ ಮೊದಲು ಕ್ರಿಯಾಪದ ನೋಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ತಾನಾಗಿ ಬಂದರೆ ‘ನೆನಪಾಯಿತು’. ತಲೆ ಕೆರೆದುಕೊಂಡು ತೆಗೆದರೆ ‘ನೆನಪಿಸಿಕೊಂಡೆ’. ಬೇಡ ಅಂದರೂ ಬಿಡದಿದ್ದರೆ ‘ಕಾಡಿತು’. ಋಣ, ಗೌರವ ಬೆರೆತಿದ್ದರೆ ‘ನೆನೆದೆ’: ಮಾಸ್ತರನ್ನು ನೆನೆಯುತ್ತೇವೆ, ಕಳೆದುಹೋದ ಪೆನ್ನನ್ನು ನೆನೆಯುವುದಿಲ್ಲ. ‘ನೆನೆ’ಗೆ ಒದ್ದೆಯಾಗು ಅಂತಲೂ ಅರ್ಥ ಇರುವುದರಿಂದ ಮಳೆಗಾಲದ ಲೇಖನದಲ್ಲಿ ವಿಭಕ್ತಿ ಬಿಡಬೇಡಿ. ‘ಶಾಲೆ ದಾರಿ ನೆನೆದು’ ಅಂದರೆ ದಾರಿ ಒದ್ದೆಯಾಯಿತೋ, ನೆನಪಾಯಿತೋ? ‘ದಾರಿಯನ್ನು ನೆನೆದು’ ಅನ್ನಿ.

‘ಮೆಲುಕು’ ಒಳ್ಳೆಯ ಪದ, ಬಳಸಿ ಬಳಸಿ ಸವೆಸಿದ್ದೇವೆ ಅಷ್ಟೆ. ಬೆಟ್ಟದಲ್ಲಿ ಗಡಿಬಿಡಿಯಿಂದ ಮೇದದ್ದನ್ನು ದನ ಕೊಟ್ಟಿಗೆಯಲ್ಲಿ ಮಲಗಿ ನಿಧಾನಕ್ಕೆ ಅಗಿಯುತ್ತದಲ್ಲ, ಅದು. ಹಾಗಾಗಿ ಬಿಡುವು, ಸವಿ ಎರಡೂ ಇರುವಲ್ಲಿ ಮಾತ್ರ ಹೊಂದುತ್ತದೆ. ‘ತೀರಿಕೊಂಡ ಗೆಳೆಯನ ಕೊನೆಯ ದಿನಗಳ ಮೆಲುಕು ಹಾಕಿದೆವು’ ಅಂತ ಕಂಡರೆ ಕೆಂಪು ಶಾಯಿ ತೆಗೆಯಿರಿ. ಇಡೀ ಸಂಚಿಕೆಗೆ ಎರಡು ‘ಮೆಲುಕು’ ಸಾಕು.

ಕನ್ನಡ ಉಪನ್ಯಾಸಕರು, ಹೊನ್ನಾವರ:
ನಾಸ್ಟಾಲ್ಜಿಯಾ ಮೊದಲು ಕಾಯಿಲೆಯ ಹೆಸರು. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯವಿದ್ಯಾರ್ಥಿ ಗ್ರೀಕಿನ ‘ನೋಸ್ಟೋಸ್’ (ಮನೆಗೆ ಮರಳುವುದು), ‘ಆಲ್ಗೋಸ್’ (ನೋವು) ಸೇರಿಸಿ ಕಟ್ಟಿದ್ದು. ನಿಘಂಟಿನ ‘ಮನೆಗೀಳು’, ‘ಗೃಹವಿರಹ’ ಆ ಹಳೆಯ ಅರ್ಥಕ್ಕೆ ಸರಿ. ಹಾಸ್ಟೆಲ್ ಸೇರಿದ ಮೊದಲ ವಾರದ ಸಂಕಟಕ್ಕೆ ಬೇಕಾದರೆ ಹಾಕಿ. ಆದರೆ ನಿಮ್ಮ ಲೇಖಕರದ್ದು ಊರಿನ ದೂರವಲ್ಲ, ಕಾಲದ ದೂರ. ಬೆಂಗಳೂರಿನಿಂದ ಶಿರಸಿಗೆ ಬಸ್ಸಿದೆ, ಐದನೇ ಕ್ಲಾಸಿಗೆ ಇಲ್ಲ.

ಅದಕ್ಕೆ ಇವತ್ತು ಬಳಕೆಯಲ್ಲಿರುವ ಪದ ‘ಹಳಹಳಿಕೆ’. ಮೂಲದಲ್ಲಿ ಅದು ಪೇಚಾಟ, ವ್ಯಥೆ. ‘ಹಳೆ’ಯ ಸದ್ದು ಕೇಳುವುದರಿಂದ ಹೋದ ಕಾಲಕ್ಕೆ ಅಂಟಿಕೊಂಡಿರಬೇಕು. ‘ಬರೀ ಹಳಹಳಿಕೆ’ ಎಂದು ವಿಮರ್ಶಕರು ಮೂಗು ಮುರಿಯುವುದೂ ಉಂಟು, ಆದ್ದರಿಂದ ಲೇಖಕರು ತಮ್ಮ ಬಗ್ಗೆ ಹೇಳಿಕೊಂಡರೆ ಚಂದ, ನೀವು ಸಂಪಾದಕೀಯದಲ್ಲಿ ಅವರ ಬಗ್ಗೆ ಹೇಳಿದರೆ ಚುಚ್ಚುತ್ತದೆ. ಇದರ ಜೊತೆ ಸದ್ದಿನಿಂದ ಮೋಸ ಮಾಡುವ ಎರಡು ಪದಗಳಿವೆ. ‘ಹಳವಂಡ’ಕ್ಕೂ ಹಳೆಯದಕ್ಕೂ ಸಂಬಂಧ ಇಲ್ಲ, ಅದು ತಲೆ ಕೆಟ್ಟ ಗೊಂದಲ, ಬಡಬಡಿಕೆ. ‘ಹಪಹಪಿ’ಯಲ್ಲಿ ದುರಾಸೆಯ ವಾಸನೆ ಇದೆ. ‘ಬಾಲ್ಯಕ್ಕಾಗಿ ಹಪಹಪಿಸುತ್ತೇನೆ’ ಅಂದರೆ ಯಾರದೋ ತಟ್ಟೆಗೆ ಕೈ ಹಾಕಿದ ಹಾಗೆ.

‘ಹಂಬಲ’ ಮುಂದಕ್ಕೆ ನೋಡುವ ಪದ, ಸಿಗಬಹುದೆಂಬ ಆಸೆ ಅದರಲ್ಲಿ ಉಳಿದಿರುತ್ತದೆ. ‘ಕೊರಗು’ ಒಳಗೊಳಗೇ ತಿನ್ನುವಂಥದ್ದು, ಶಾಲೆ ಬಿಟ್ಟದ್ದಕ್ಕೆ ಅಷ್ಟು ಭಾರ ಬೇಡ. ‘ಕನವರಿಕೆ’ ನಿದ್ದೆಯ ಮಾತು. ಅಪ್ರಜ್ಞಾಪೂರ್ವಕವಾಗಿ ಮತ್ತೆ ಮತ್ತೆ ಬಾಯಿಗೆ ಬರುವುದಕ್ಕೆ ಅದಕ್ಕಿಂತ ಚೊಕ್ಕ ಪದ ಇಲ್ಲ, ಯಾಕೋ ಯಾರೂ ಬಳಸುವುದಿಲ್ಲ. ‘ಗತವೈಭವ’ವನ್ನು ಬನವಾಸಿಯ ಕದಂಬರಿಗೆ ಬಿಟ್ಟುಬಿಡಿ.

ಅನುವಾದಕರು, ಕಾರವಾರ:
ನಮ್ಮ ಕಡೆಯವರ ಲೇಖನ ಬಂದರೆ ನೆನಪಿಗೆ ಕೊಂಕಣಿಯಲ್ಲಿ ಹೇಳುವ ‘ಉಗ್ಡಾಸ್’ ಹಾಗೇ ಇಡಿ, ಪಕ್ಕದ ವಾಕ್ಯವೇ ಅರ್ಥ ಹೇಳಲಿ. ಗೋವಾ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತಲ್ಲ, ಅವರ ‘ಸೌದಾದ್’ ಎಂಬ ಪದವನ್ನು ಕೆಲವರು ತಂದು ಹಾಕುತ್ತಾರೆ. ಇನ್ನಿಲ್ಲದ್ದರ ಬಗೆಗಿನ ಸಿಹಿ-ನೋವು ಅದು, ಆದರೆ ಶಿರಸಿ ಶಾಲೆಯ ಬೆಂಚಿಗೆ ಅದು ಆಮದು ಸರಕು.

ಇನ್ನೊಂದು ವಿಷಯ. ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಜಾಗ ಕೊಟ್ಟು ಊರು ಬಿಟ್ಟ ಕುಟುಂಬದವರು ಬರೆದಿದ್ದರೆ ಅಲ್ಲಿ ‘ಹಳಹಳಿಕೆ’ ಹಾಕಲೇಬೇಡಿ. ಅವರಿಗೆ ಹೋದದ್ದು ಕಾಲ ಮಾತ್ರ ಅಲ್ಲ, ಮನೆ, ಗದ್ದೆ, ದೋಣಿ ಎಳೆಯುವ ದಡ. ಅದಕ್ಕೆ ‘ಅಳಲು’, ‘ಸಂಕಟ’ ಎನ್ನಬೇಕು.

ರೇಡಿಯೋ ಬರಹಗಾರರು, ಕಾರವಾರ:
‘ಗದ್ಗದ’ ಕಂಠದ್ದು. ಮಾತು ಒಡೆದು, ತಡೆದು ಬರುವುದು. ಮನಸ್ಸು ಗದ್ಗದಿತವಾಗುವುದಿಲ್ಲ, ಕಣ್ಣಂತೂ ಇಲ್ಲವೇ ಇಲ್ಲ. ಕಣ್ಣಿಗೆ ‘ತುಂಬಿ ಬಂತು’, ದುಃಖಕ್ಕೆ ‘ಉಮ್ಮಳಿಸಿತು’, ಕರುಳಿಗೆ ‘ಚುರ್ ಅಂದಿತು’. ಒಂದು ವಾಕ್ಯಕ್ಕೆ ಒಂದೇ ಅಂಗ. ಕಣ್ಣು ತುಂಬಿ, ಕಂಠ ಬಿಗಿದು, ಎದೆ ಭಾರವಾದರೆ ಓದುಗ ಡಾಕ್ಟರನ್ನು ಕರೆಯಬೇಕಾಗುತ್ತದೆ.

‘ಸೆಂಟಿಮೆಂಟ್’ ನಮ್ಮ ಬಾಯಲ್ಲಿ ಬೇರೆಯೇ ಆಗಿದೆ. ‘ಆ ಸ್ಕೂಟರ್ ಮಾರಲ್ಲ, ಸೆಂಟಿಮೆಂಟ್’ ಅಂದರೆ ಅರ್ಧ ಪ್ರೀತಿ, ಅರ್ಧ ಶಕುನ. ಪ್ರೀತಿ ಇದ್ದಲ್ಲಿ ‘ಅಕ್ಕರೆ’, ಮರುಕ ಬೆರೆತಲ್ಲಿ ‘ಕಕ್ಕುಲಾತಿ’, ಹದ ಮೀರಿದಲ್ಲಿ ‘ಅತಿಭಾವುಕತೆ’. ‘ಭಾವನಾತ್ಮಕ ನಂಟು’ ವರದಿಯ ಭಾಷೆ, ಹೊಡೆದುಹಾಕಿ.

ಅಕ್ಕೋರು, ಶಿರಸಿ:
ಒಂದು ವಾಕ್ಯ ಹಾಕುತ್ತೇನೆ, ತಿದ್ದಿ ತೋರಿಸಿ: ‘ಮಳೆಗಾಲದಲ್ಲಿ ಕೊಪ್ಪೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಆ ಮಧುರ ದಿನಗಳ ನೆನಪುಗಳು ಮನಃಪಟಲದಲ್ಲಿ ಹಾದುಹೋಗಿ ಮನಸ್ಸು ಭಾವುಕವಾಗುತ್ತದೆ.’

ಸಂಚಿಕೆ ಸಂಪಾದಕರು, ಅಂಕೋಲಾ:
‘ಮಧುರ’, ‘ಮನಃಪಟಲ’, ‘ಭಾವುಕ’ ಮೂರನ್ನೂ ತೆಗೆದರೆ ಉಳಿಯುವುದು ಕೊಪ್ಪೆ, ಮಳೆಗೆ ತಲೆ ಮೇಲಿಂದ ಹೊದೆಯುವಂಥದ್ದು. ಅದಕ್ಕೇ ಕೆಲಸ ಕೊಡಿ: ‘ಕಂಬಳಿಕೊಪ್ಪೆಗಳನ್ನು ಬಾಗಿಲ ಹಿಂದೆ ಸಾಲಾಗಿ ತೂಗುಹಾಕುತ್ತಿದ್ದೆವು. ಇಳಿದ ನೀರು ಸಗಣಿ ಸಾರಿಸಿದ ನೆಲದ ಮೇಲೆ ಹರಿದು ಮಾಸ್ತರ ಕುರ್ಚಿಯ ಕಾಲು ಮುಟ್ಟುತ್ತಿತ್ತು. ಈಗ ಅಲ್ಲಿ ಟೈಲ್ಸ್.’ ಭಾವನೆಯ ಹೆಸರು ಒಂದೂ ಇಲ್ಲ. ‘ಈಗ’ ಎಂಬುದನ್ನು ಮಾತ್ರ ಕೊನೆಗೆ ಇಡಬೇಕು, ಮೊದಲೇ ಬಂದರೆ ದೂರಿನ ಅರ್ಜಿಯಾಗುತ್ತದೆ.

ಇಂಥ ಲೇಖನಗಳು ಸೊರಗುವುದಕ್ಕೆ ಇನ್ನೊಂದು ಕಾರಣ ‘-ತ್ತಿದ್ದೆವು’. ಹೋಗುತ್ತಿದ್ದೆವು, ಆಡುತ್ತಿದ್ದೆವು, ತಿನ್ನುತ್ತಿದ್ದೆವು ಅಂತ ಹತ್ತು ವಾಕ್ಯ ಬಂದರೆ ಜೋಗುಳ. ಮೊದಲ ಎರಡರಲ್ಲಿ ರೂಢಿ ಅಂತ ಗೊತ್ತು ಮಾಡಿ, ಆಮೇಲೆ ಒಂದೇ ದಿನ ಹಿಡಿದು ‘ಹೋದೆವು, ಬಿದ್ದೆವು’ ಅನ್ನಲಿ. ಇಲ್ಲವೇ ‘ಹೋಗುವುದು, ಜಾರುವುದು, ಏಳುವುದು’ ಎಂದು ಕ್ರಿಯೆಯನ್ನೇ ಎಣಿಸಲಿ. 700 ಪದದ ಲೇಖನದಲ್ಲಿ ‘ನೆನಪು’ ಎರಡು ಮೂರು ಸಲ, ಭಾವ ಹೇಳುವ ಬೇರೆ ಪದ ನಾಲ್ಕರೊಳಗೆ ನಿಲ್ಲಿಸಿ.

ಪ್ರೂಫ್ ತಿದ್ದುವವರು, ಕುಮಟಾ:
ಮೇಲಿನದಕ್ಕೆ ಒಂದು ಸೇರ್ಪಡೆ. ‘ಆಸರಿಗೆ’, ‘ತೊಡದೇವು’, ‘ಅಪ್ಪೆಹುಳಿ’ ಎಂಬ ನಮ್ಮ ಕಡೆಯ ತಿನ್ನುವ, ಕುಡಿಯುವ ಪದಾರ್ಥಗಳ ಹೆಸರು ಬಂದಲ್ಲಿ ಆವರಣ ಹಾಕಿ ವಿವರಣೆ ಬರೆಯಬೇಡಿ. ಓದುವವರು ಅದೇ ಶಾಲೆಯವರು. ಮತ್ತೆ ಅಕ್ಕೋರೇ, ಸಂಚಿಕೆಗೆ ‘ನೆನಪಿನಂಗಳ’, ‘ನೆನಪಿನ ದೋಣಿ’ ಅಂತೇನಾದರೂ ಹೆಸರು ಅಚ್ಚಿಗೆ ಹೋಗಿಲ್ಲ ತಾನೇ?